ಅಕ್ಕನ ಮುಂದಿಟ್ಟ ನಿನ್ನೆಯ ಮಲ್ಲಿಗೆ

ಉಡುಪಿಯಲ್ಲಿ ಹೂವಿನ ಅಂಗಡಿ ಇಟ್ಟು ಮೇಲೆ ಬಂದವನು ನಾನು. ಚೌಕಾಸಿಯಲ್ಲಿ ನನ್ನನ್ನು ಸೋಲಿಸಿದವರು ಒಬ್ಬರೇ, ಇನ್ನಂಜೆಯಲ್ಲಿರುವ ನನ್ನ ಅಕ್ಕ.

ಮದುವೆಯಾಗಿ ಬಂದಂದಿನಿಂದ ಆ ಮನೆಯ ಅಂಗಳದ ಮಲ್ಲಿಗೆ ಅವಳದೇ ರಾಜ್ಯ. ಬೆಳಗ್ಗೆ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ನನ್ನ ಅಂಗಡಿಗೆ ಕಳಿಸುತ್ತಿದ್ದಳು. ಕಳೆದ ಮಳೆಗಾಲದಲ್ಲಿ ಜಾರಿ ಬಿದ್ದು ಸೊಂಟಕ್ಕೆ ಪೆಟ್ಟಾಯಿತು. ಸೊಂಟವೇನೋ ಸರಿಯಾಯಿತು, ಆದರೆ ಮಗ, ಸೊಸೆ ಅವಳನ್ನು ಮತ್ತೆ ಅಂಗಳಕ್ಕೆ ಇಳಿಯಗೊಡಲಿಲ್ಲ.

"ನೀವು ಸುಮ್ಮನೆ ಕೂತ್ಕೊಳ್ಳಿ ಅತ್ತೆ, ಎಲ್ಲ ನಾವು ನೋಡ್ತೇವೆ."

ಎಷ್ಟು ಚೆನ್ನಾಗಿ ನೋಡಿದರೆಂದರೆ, ಸ್ನಾನದ ನೀರಿನ ಬಿಸಿಯಿಂದ ಹಿಡಿದು ಗಂಜಿಯ ಉಪ್ಪಿನವರೆಗೆ ಅಕ್ಕನನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಅಕ್ಕ ಊಟ ಅರ್ಧಕ್ಕೆ ಬಿಟ್ಟಳು, ಮಾತು ಪೂರ್ತಿ ಬಿಟ್ಟಳು. ಮಣಿಪಾಲದ ಡಾಕ್ಟರು ಖಿನ್ನತೆ ಎಂದು ಮಾತ್ರೆ ಬರೆದುಕೊಟ್ಟರು. ಜೊತೆಗೆ ಕೈಗೊಂದು ಕೆಲಸವೂ ಇರಲಿ ಎಂದರು.

ಕೆಲಸವೆಂದರೆ ಹೂ ಕಟ್ಟುವುದು. ಆದರೆ ಔಷಧಿಯ ಲೆಕ್ಕದಲ್ಲಿ ಹೊಸ ಮೊಗ್ಗು ಕೊಡಲು ನನ್ನ ಮನಸ್ಸು ಒಪ್ಪಬೇಕಲ್ಲ? ಅಂಗಡಿಯಲ್ಲಿ ಉಳಿದಿದ್ದ, ಕಟ್ಟಿ ಸುತ್ತಿದ್ದ ಮಲ್ಲಿಗೆ ಚೆಂಡುಗಳನ್ನು ಬಿಚ್ಚಿ ಫ್ರಿಜ್ಜಿನಲ್ಲಿಟ್ಟೆ. ಮರುದಿನ ಬಾಳೆಎಲೆಯಲ್ಲಿ ಸುತ್ತಿ ಇನ್ನಂಜೆಗೆ ಒಯ್ದು ಅಕ್ಕನ ಮುಂದೆ ಹರಡಿದೆ.

"ಈಗಷ್ಟೇ ಕೊಯ್ದದ್ದು ಅಕ್ಕಾ."

ಅಕ್ಕ ಒಂದು ಮೊಗ್ಗು ಎತ್ತಿಕೊಂಡಳು. ಆಗಷ್ಟೇ ಕೊಯ್ದ ಮೊಗ್ಗು ಅರಳುವುದು ಸಂಜೆಗೆ; ನನ್ನ ಗ್ರಹಚಾರಕ್ಕೆ ಅದು ಅವಳ ಬೆರಳಲ್ಲೇ ಅರಳಿತು.

"ಕಳ್ಳ!"

ಎಷ್ಟೋ ವಾರಗಳ ನಂತರ ಬಂದ ಮಾತು ಅದು. ಸೊಸೆ ಸೌಟು ಹಿಡಿದೇ ಓಡಿಬಂದು ನನ್ನತ್ತ ನೋಡಿದಳು. "ಮಾವಾ, ಅತ್ತೆ ಮಾತಾಡಿದ್ರು!"

"ಮಾತಾಡದೆ ಎಂತ ಮಾಡುವುದು? ನಿನ್ನೆಯ ಹೂ ತಂದು ಮೋಸ ಮಾಡ್ತಾನೆ! ನಿನಗೆ ಬೇರೆ ಗಿರಾಕಿ ಸಿಗ್ಲಿಲ್ವಾ ಮಾರಾಯ?"

"ಬಯ್ಯಿ ಅಕ್ಕಾ, ಇನ್ನೂ ಬಯ್ಯಿ."

"ನೀನು ಹೇಳಿದ ಹಾಗೆ ಬಯ್ಲಿಕ್ಕೆ ನನಗಾಗುವುದಿಲ್ಲ."

ಇವಳ ಹತ್ತಿರ ಹೇಳಿ ಮಾಡಿಸುವುದು ನಡೆಯದು, ಚೌಕಾಸಿಯೇ ಆಗಬೇಕು ಎಂದು ಅಲ್ಲಿಗೆ ನನಗೆ ಅರ್ಥವಾಯಿತು. ಕೂಡಲೇ ವ್ಯಾಪಾರಕ್ಕಿಳಿದೆ. "ಹೊಸ ಮೊಗ್ಗು ಕೊಡಿಸ್ತೇನೆ. ಮಂಚದಲ್ಲೇ ಕೂತು ಕಟ್ಟು."

"ಮಂಚ ಬೇಡ. ಅಂಗಳಕ್ಕೆ ಕುರ್ಚಿ ಹಾಕಿ. ಮಗ, ಸೊಸೆ ಕೊಯ್ಯಲಿ, ಯಾವ ಗಿಡ ಅಂತ ನಾನು ಹೇಳ್ತೇನೆ."

"ಅಮ್ಮಾ, ಮಂಜು ಬೀಳ್ತದೆ..." ಎಂದ ಮಗ.

"ಶಾಲು ಉಂಟು."

"ಮತ್ತೆ ಮಾತ್ರೆ?" ನಾನು ಕೇಳಿದೆ.

"ತಗೊಳ್ತೇನೆ. ಯಾರೂ ಬಾಯಿಗೆ ಹಾಕ್ಲಿಕ್ಕೆ ಬರ್ಬಾರ್ದು."

ಚೌಕಾಸಿ ಎಳೆಯಲು ನನ್ನಲ್ಲಿ ಇನ್ನೇನೂ ಉಳಿದಿರಲಿಲ್ಲ. ಒಪ್ಪಿದೆ.

ಒಂದೇ ದಿನದಲ್ಲಿ ಎಲ್ಲ ಸರಿಯಾಯಿತು ಎನ್ನಲಾರೆ. ಮಾತ್ರೆ ಇನ್ನೂ ನಡೆಯುತ್ತಿದೆ, ಡಾಕ್ಟರು ಸಾಕೆನ್ನುವವರೆಗೆ ನೀವೂ ನಿಲ್ಲಿಸಬೇಡಿ. ಆದರೆ ಪ್ರಾಯವಾದವರಿಗೆ ಬರೀ ಕೆಲಸ ಕೊಟ್ಟರೆ ಸಾಲದು, ಬೇಡವೆನ್ನುವ ಅಧಿಕಾರವನ್ನೂ ಕೊಡಿ.

ಆ ಮಧ್ಯಾಹ್ನ ಅಕ್ಕ ಎರಡನೇ ಸಲ ಅನ್ನ ಹಾಕಿಸಿಕೊಂಡಳು. ನನಗೆ ಬಯ್ಯುವುದನ್ನು ಮಾತ್ರ ನಿಲ್ಲಿಸಲಿಲ್ಲ, ತುತ್ತು ನುಂಗುವಷ್ಟು ಹೊತ್ತು ಬಿಡುವು ಕೊಟ್ಟಳು, ಅಷ್ಟೇ.