ಬದನೆ ಗಿಡದ ಎರಡು ಹಕ್ಕಿ

ಬೆಳಿಗ್ಗೆ ಪಕ್ಕದ ಮನೆಯ ಮಕ್ಕಳು ಜಗಲಿಯ ಮೇಲೆ ಒಂದು ಪಟಾಕಿ ಹಚ್ಚಿದರು. ಸದ್ದಿಗೆ ನಾನು ಹೆದರಲಿಲ್ಲ. ಆಮೇಲೆ ಕಿಟಕಿಯಿಂದ ಬಂದ ಮದ್ದಿನ ವಾಸನೆಗೆ ಕೈಯಲ್ಲಿದ್ದ ಕಾಫಿ ಲೋಟ ಕೆಳಗಿಟ್ಟು, ಎದ್ದು ಹೋಗಿ ಕಿಟಕಿ ಮುಚ್ಚಿದೆ. ಪಿಂಚಣಿ ತೆಗೆದುಕೊಳ್ಳುವ ಮೇಷ್ಟರಿಗೆ ಇದು ವಯಸ್ಸಿನ ಸಿಡುಕು ಎಂದು ನೀವು ಅಂದುಕೊಂಡರೆ ನನಗೇನೂ ಬೇಸರವಿಲ್ಲ. ಆದರೆ ಅದಲ್ಲ.

ನನಗಾಗ ಇಪ್ಪತ್ತೆರಡು ವರ್ಷ. ಪಿರಿಯಾಪಟ್ಟಣದ ಶಾಲೆಗೆ ಹೊಸ ಮೇಷ್ಟರು. ಕಟ್ಟಿದ ಪೇಟಕ್ಕಿಂತ ಜಂಬವೇ ದೊಡ್ಡದು. ಪುಟ್ಟಮ್ಮ ಎಂಬ ವಯಸ್ಸಾದ ಹೆಂಗಸಿನ ಮನೆಯ ಒಂದು ಕೋಣೆಯಲ್ಲಿದ್ದೆ, ಊಟವೂ ಅವರದೇ. ಹಿತ್ತಲಿನ ಬದನೆ ಗಿಡದಲ್ಲಿ ಒಂದು ಜೋಡಿ ಪುಟ್ಟ ಹಕ್ಕಿ ಎರಡು ಎಲೆ ಸೇರಿಸಿ ಹೊಲಿದು ಗೂಡು ಮಾಡಿತ್ತು. ಹೊಲಿದ ಎಲೆ ಕಂಡದ್ದೇ ತಡ, ನಾನು ತೀರ್ಪು ಕೊಟ್ಟೆ: ಇದು ಸಿಂಪಿಗ ಹಕ್ಕಿ! ಮಕ್ಕಳಿಗೆ ವಸ್ತುಪಾಠ ಹೇಳುವವನಲ್ಲವೇ.

“ಅಯ್ಯೋ ಬುಡಿ ಮೇಷ್ಟ್ರೆ,” ಎಂದರು ಪುಟ್ಟಮ್ಮ, ಮುದ್ದೆ ತೊಳಸುತ್ತ. “ಸಿಂಪಿಗ ಅಲ್ಲ ಕಣ್ರೀ. ಅದ್ರ ಬೆನ್ನು ಅಸ್ರು, ಇದ್ರದ್ದು ಬೂದಿ ಬಣ್ಣ. ಆರೋವಾಗ ಚಿಟಿಕೆ ಒಡ್ದಂಗೆ ಸದ್ದು ಬತ್ತದೆ, ಕೇಳಿಲ್ವಾ? ಮೊಟ್ಟೆ ನೋಡಿದ್ರೆ ನೀವೇ ಒಪ್ಕತಿದ್ರಿ, ಇಟ್ಟಿಗೆ ಪುಡಿ ಬಳ್ದಂಗಿದ್ವು.”

ಅವರು ಅದಕ್ಕೆ ಇಟ್ಟ ಹೆಸರೇ ಚಿಟಿಕೆ ಹಕ್ಕಿ. ಅಷ್ಟು ಹೊತ್ತಿಗೆ ಗೂಡಿನಲ್ಲಿ ಮೂರು ಮರಿ. ಆ ಗಿಡದ ಕಾಯಿ ಬಲಿತು ಹಳದಿಯಾದರೂ ಪುಟ್ಟಮ್ಮ ಕೀಳುತ್ತಿರಲಿಲ್ಲ. “ಆ ಕಡೆ ಮುಕ ತೊಳೀಬ್ಯಾಡಿ, ಮರಿ ಬೆದರ್ತವೆ” ಎಂದು ನನಗೂ ತಾಕೀತು. ಓದು ಬಾರದ ಹೆಂಗಸಿನ ಮುಂದೆ ನಾನು ಸೋಲುವುದುಂಟೇ? ವಾರವೆಲ್ಲ ವಾದ ಮಾಡಿದೆ.

ಆಗಲೇ ಕೊಡಗಿನ ಕಾಫಿ ತೋಟದ ಬಿಳಿಯ ದೊರೆಯೊಬ್ಬ ಊರಿನ ಬಂಗಲೆಯಲ್ಲಿ ಇಳಿದುಕೊಂಡಿದ್ದ. ಅವನಿಗೆ ಗೊತ್ತಿಲ್ಲದ ಹಕ್ಕಿಯೇ ಇಲ್ಲವಂತೆ. ಹೋಗಿ ಕೈಮುಗಿದು, ನಮ್ಮ ವಾದ ಹೇಳಿ, ತೀರ್ಮಾನ ಮಾಡಲು ನಾನೇ ಕರೆತಂದೆ. ಅವನ ಹೆಗಲಲ್ಲಿ ತೆಳ್ಳನೆಯ ಒಂದು ಕೋವಿ. ದೊರೆಗಳ ದೌಲತ್ತು ಎಂದುಕೊಂಡೆ, ದಡ್ಡ!

ಹಕ್ಕಿ ಹುಳು ಕಚ್ಚಿಕೊಂಡು ಬಂದು ಗಿಡದ ಮೇಲೆ ಕೂತಿತು.

“ಅದೇನಾ?”

“ಅದೇ ಸಾರ್.”

ಢಂ ಎಂದಿತು. ಅಯ್ಯೋ ದೇವರೇ! ಗುರುತು ಹಿಡಿಯಬೇಕೆಂದರೆ ಹೀಗೆ ಹಿಡಿಯುತ್ತಾರೆಯೇ? ಬಿದ್ದ ಹಕ್ಕಿಯ ಕೊಕ್ಕಿನಲ್ಲಿ ಹಸಿರು ಹುಳು ಇನ್ನೂ ಮಿಸುಕುತ್ತಿತ್ತು. ದೊರೆ ಅದನ್ನು ಅಂಗೈಯಲ್ಲಿ ಹೊರಳಿಸಿ, ಪುಕ್ಕ ಊದಿ ನೋಡಿ, “ಅಮ್ಮ ಹೇಳೋದು ಸರಿ. ಸಿಂಪಿಗ ಅಲ್ಲ” ಎಂದ. ಪುಟ್ಟಮ್ಮ ಅಡುಗೆ ಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದರು. ಗೆದ್ದವರ ಮುಖವಲ್ಲ ಅದು.

“ಇನ್ನೊಂದು ಎಲ್ಲಿ? ಹತ್ತಿ ತುಂಬಿ ಇಡೋಕೆ ನನಗೆ ಜೋಡಿ ಬೇಕು.”

ಅದು ನುಗ್ಗೆ ಮರದಲ್ಲಿತ್ತು. ದೊರೆಗೆ ಕಂಡಿರಲಿಲ್ಲ, ನನಗೆ ಕಂಡಿತ್ತು, ಪುಟ್ಟಮ್ಮನಿಗೂ. ಅವರು ನನ್ನನ್ನೇ ನೋಡುತ್ತ ಬೇಡ ಬೇಡವೆಂದು ತಲೆಯಾಡಿಸಿದರು. ಏನು ಹೇಳಲಿ ನಿಮಗೆ, ನನ್ನ ಬೆರಳು ನುಗ್ಗೆ ಮರದ ಕಡೆಗೆ ಎದ್ದಿತು. ಯಾರೂ ನನ್ನ ಕೈ ಹಿಡಿದು ಎತ್ತಲಿಲ್ಲ. ದೊಡ್ಡವರು ಕೇಳಿದ್ದಕ್ಕೆ ಥಟ್ಟನೆ ಉತ್ತರ ಕೊಟ್ಟೇ ಅಭ್ಯಾಸ.

ಮತ್ತೆ ಢಂ.

ಪುಟ್ಟಮ್ಮ ಎರಡು ದಿನ ಪೊರಕೆ ಕಡ್ಡಿಯ ತುದಿಯಲ್ಲಿ ಗೆದ್ದಲು ಹಿಡಿದು ಮರಿಗಳ ಬಾಯಿಗೆ ಇಟ್ಟರು. ಮೂರನೆಯ ಬೆಳಿಗ್ಗೆ ಒಂದೂ ಬಾಯಿ ತೆರೆಯಲಿಲ್ಲ. ಅವತ್ತೂ ನನಗೆ ಎಂದಿನಂತೆ ಬಿಸಿ ಮುದ್ದೆ ಬಡಿಸಿದರು. ಬಡಿಸಿ ಎದುರಿಗೆ ಕೂತು ಕೇಳಿದರು: “ಮೊದಲ್ನೇದು ನಿಮ್ಗೆ ಗೊತ್ತಿರ್ನಿಲ್ಲ, ಸರಿ. ಎರಡ್ನೇದ್ಯಾಕೆ ತೋರ್ಸುದ್ರಿ ಮೇಷ್ಟ್ರೆ?”

ಶಾಲೆಗೆ ಹೊತ್ತಾಯಿತೆಂದು ಎದ್ದು ಕೈ ತೊಳೆದೆ. ಮುಂದಿನ ತಿಂಗಳೇ ಕೇಳಿಕೊಂಡು ಭೇರ್ಯದ ಶಾಲೆಗೆ ವರ್ಗ ಮಾಡಿಸಿಕೊಂಡೆ.

ಈ ಸಂಗತಿಯನ್ನು ಹೆಂಡತಿಗೆ, ಮಕ್ಕಳಿಗೆ, ಜೊತೆಯ ಮೇಷ್ಟರುಗಳಿಗೆ ಎಷ್ಟೋ ಸಲ ಹೇಳಿದ್ದೇನೆ. ಪ್ರತಿ ಸಲವೂ ಮೊದಲ ಗುಂಡಿಗೇ ನಿಲ್ಲಿಸಿದ್ದೇನೆ. ಕೇಳಿದವರು ದೊರೆಯನ್ನು ಬಾಯ್ತುಂಬ ಬೈಯುತ್ತಾರೆ. ನಾನೂ ಅವರ ಜೊತೆ ಸೇರಿ ಬೈದಿದ್ದೇನೆ, ನಾಚಿಕೆಯಿಲ್ಲದೆ. ಎರಡನೆಯ ಹಕ್ಕಿಯ ವಿಷಯ ಹೊರಗೆ ಬಂದದ್ದು ಇವತ್ತೇ. ಈ ಹಾಳೆಯನ್ನು ಮೊದಲು ಓದುವವಳು ನನ್ನ ಹೆಂಡತಿ. ಒಳಗೆ ಕನ್ನಡಕ ಹುಡುಕುತ್ತಿದ್ದಾಳೆ.