ಅದೀಯೇನ ಬೇ?

ಅವಳ ಬಲಗಿವಿ ಯಾವಾಗಲೂ ಬರಿದು. ಎಡಗಿವಿಯಲ್ಲಿ ಕೆಂಪು ಹರಳಿನ ಬೆಂಡೋಲೆ ಮಿನುಗುತ್ತಿದ್ದರೆ, ಅದರ ಜೋಡಿ ಅವಳ ಅಂಗೈಯಲ್ಲಿರುತ್ತಿತ್ತು. ಫೋನ್ ಹಚ್ಚಿದರೆ ಬೇಗ ಇಡುವ ಪೈಕಿ ಅಲ್ಲ. ಓಲೆ ಕಿವಿಗೆ ಒತ್ತುತ್ತದೆಂದು ಬಿಚ್ಚಿ ಕೈಯಲ್ಲಿ ಹಿಡಿದು, ಮಾತಿನ ಭರದಲ್ಲಿ ದಾಳದ ಹಾಗೆ ಕುಲುಕುತ್ತಿದ್ದಳು. ಅದು ಬಳೆಗೆ ತಾಗುವ ಕಿಣಿಕಿಣಿ ಬಬಲೇಶ್ವರದಿಂದ ವಿಜಯಪುರದ ನನ್ನ ಅಡುಗೆಮನೆಯವರೆಗೂ ಬರುತ್ತಿತ್ತು.

ನಾವಿಬ್ಬರೂ ಕಾನ್ವೆಂಟ್ ಹಾಸ್ಟೆಲಿನಲ್ಲಿ ಅಕ್ಕಪಕ್ಕದ ಮಂಚದವರು. ಅವಳು ಹೊನವಾಡದ ಒಕ್ಕಲುತನದ ಮನೆಯವಳು, ನಾನು ಗುಮಾಸ್ತರ ಮಗಳು. ಊಟದ ಕೋಣೆಯಲ್ಲಿ ಸ್ಟ್ರಿಕ್ಟ್ ಸೈಲೆನ್ಸ್. ಮಾತಿಲ್ಲದೆ ಅನ್ನ ಇಳಿಯದ ಅವಳು ಒಂದು ಉಪಾಯ ಮಾಡಿದಳು. ಚಮಚದಿಂದ ಲೋಟಕ್ಕೆ ಒಂದು ಸಲ ಬಡಿದರೆ ಹೌದು, ಎರಡು ಸಲ ಬಡಿದರೆ ಇಲ್ಲ. ನಾನು ಸಾರಿನ ಕಡೆ ನೋಡಿ, ಹಳಸಿದೆಯಾ ಎಂಬಂತೆ ಹುಬ್ಬೇರಿಸಿದರೆ ಆ ಕಡೆಯಿಂದ ಟಣ್. ಸಿಸ್ಟರ್ ತಿರುಗಿ ನೋಡುವಷ್ಟರಲ್ಲಿ ಇಬ್ಬರೂ ಏಂಜಲ್ಸ್.

ಮ್ಯಾಟ್ರಿಕ್ ಆದದ್ದೇ ಅವಳನ್ನು ಬಬಲೇಶ್ವರಕ್ಕೆ ಕೊಟ್ಟರು. ನಾನು ಓದಿ, ಆಫೀಸು ಸೇರಿ, ಡ್ರಾಫ್ಟ್ ತಿದ್ದಿ ತಿದ್ದಿ ರಿಟೈರ್ ಆದೆ. ನಡುವೆ ಮದುವೆ ಮುಂಜಿಗಳಲ್ಲಿ ಭೇಟಿಯಾದದ್ದಷ್ಟೇ. ಇಬ್ಬರ ಕೈಗೂ ಮೊಬೈಲ್ ಬಂದ ಮೇಲೆ ಗೆಳೆತನ ಮತ್ತೆ ಚಿಗುರಿತು, ಜಗಳವೂ.

ನನಗೆ ಮೆಸೇಜೇ ಹಿತ. ಫೋನ್ ಮಾಡುವುದೆಂದರೆ ‘ಮೇ ಐ ಕಮ್ ಇನ್’ ಎನ್ನದೆ ಇನ್ನೊಬ್ಬರ ಕೋಣೆಗೆ ನುಗ್ಗಿದ ಹಾಗೆ. ಅದಕ್ಕೇ ‘ಆರ್ ಯೂ ಫ್ರೀ?’ ಎಂದು ಬರೆದು ಕಾಯುತ್ತಿದ್ದೆ. ಅವಳು ಉತ್ತರ ಬರೆಯುತ್ತಿರಲಿಲ್ಲ, ನೇರ ಫೋನೇ ಬರುತ್ತಿತ್ತು. ಹಲೋ ಗಿಲೋ ಇಲ್ಲ. ನೆರೆಮನೆಯ ಹೊಸ್ತಿಲಲ್ಲಿ ನಿಂತು ಕೂಗಿದವಳಂತೆ, “ಅದೀಯೇನ ಬೇ?”

“ಅದೀನಿ. ಮೆಸೇಜ್ ನೋಡ್ಲಿಲ್ಲೇನು?”

“ನೋಡೀನಿ. ನಿನ್ನ ಮೆಸೇಜ್ ಬಂದ್ರ ಎದಿ ಧಸಕ್ ಅಂತೈತಿ. ಮೊದಲ ಮನಿಗೆ ತಂತಿ ಬರತಿತ್ತಲ್ಲ, ಹಂಗ. ನಾಕ ಶಬ್ದ ಇರತಿದ್ವು, ಯಾರರ ಸತ್ತಿರತಿದ್ರು.”

“ಕೇಳಿ ಫೋನ್ ಮಾಡಬೇಕು. ಪ್ರೈವೆಸಿ ಅಂತ ಒಂದು ಇರತದ.”

“ಅದನ್ನ ನೀನ ಇಟ್ಕೋ. ನನಗ ದನಿ ಬೇಕು. ದನಿ ಕೇಳಿದ್ರ ನೀ ಉಂಡೀಯೋ ಇಲ್ಲೋ ತಿಳೀತೈತಿ.”

ನಿಜಕ್ಕೂ ತಿಳಿಯುತ್ತಿತ್ತು. ನನ್ನವರು ತೀರಿಕೊಂಡ ವರ್ಷ ವಿಚಾರಿಸಿದವರಿಗೆಲ್ಲ ‘ಐ ಆಮ್ ಫೈನ್’ ಎಂದು ಬರೆದು, ನೀಟಾಗಿ ಫುಲ್ ಸ್ಟಾಪ್ ಇಟ್ಟು ಕಳಿಸುತ್ತಿದ್ದೆ. ಎಲ್ಲರೂ ಕೈ ಮುಗಿದ ಚಿತ್ರ ಹಾಕಿ ಸುಮ್ಮನಾದರು. ಅವಳು ಫೋನ್ ಮಾಡಿದಳು. ನಾನು “ಅದೀನಿ” ಎಂದದ್ದಷ್ಟೇ. “ತಡಿ, ಬರ್ತೀನಿ” ಎಂದು ಇಟ್ಟುಬಿಟ್ಟಳು. ಮಧ್ಯಾಹ್ನದ ಹೊತ್ತಿಗೆ ಬಸ್ಸಿಳಿದು ಬಾಗಿಲಲ್ಲಿ ನಿಂತಿದ್ದಳು, ಬಟ್ಟೆಯಲ್ಲಿ ಸುತ್ತಿದ ಸಜ್ಜೆ ರೊಟ್ಟಿ, ಡಬ್ಬಿಯಲ್ಲಿ ಬದನೆಕಾಯಿ ಪಲ್ಯ. ನಾನು ಉಣ್ಣುವವರೆಗೆ ಎದುರಿಗೇ ಕೂತು, ಹೊರಡುವಾಗ ಹೇಳಿದಳು: “ನಿನ್ನ ಫುಲ್ ಸ್ಟಾಪ್ ನಾ ನಂಬಂಗಿಲ್ಲ.”

ಅಂಥವಳ ಗಂಟಲಿಗೇ ರೋಗ ಬಂತು. ಆಪರೇಷನ್ ಮಾಡಿ ದನಿಪೆಟ್ಟಿಗೆ ತೆಗೆದರು. ಇನ್ನು ಮೆಸೇಜೇ ಗತಿ ಎಂದುಕೊಂಡು ನಾನು ಸಮಾಧಾನದ ಮಾತು ಟೈಪ್ ಮಾಡುತ್ತ, ಅಳಿಸುತ್ತ ಕೂತಿದ್ದಾಗಲೇ ಅವಳ ಫೋನ್ ಬಂತು. ಎತ್ತಿದರೆ ಬರೀ ಉಸಿರು. ಏನೂ ತೋಚದೆ ಅವಳ ಮಾತನ್ನೇ ಆಡಿದೆ.

“ಅದೀಯೇನ ಬೇ?”

ಟಕ್.

ಬೆಂಡೋಲೆಯಿಂದ ಫೋನಿಗೆ ಬಡಿದಿದ್ದಳು. ಅರ್ಥವಾಗಲು ನನಗೆ ಒಂದು ಗಳಿಗೆ ಬೇಕಾಯಿತು. ಆಮೇಲೆ ಹಾಸ್ಟೆಲಿನ ಊಟದ ಕೋಣೆ, ಹಳಸಿದ ಸಾರು ಎಲ್ಲ ಒಟ್ಟಿಗೇ ನೆನಪಾಗಿ ನಕ್ಕೆನೋ ಅತ್ತೆನೋ ಗೊತ್ತಿಲ್ಲ.

ಅಂದಿನಿಂದ ಮಾತು ನನ್ನ ಪಾಲಿಗೆ ಬಂತು. ಅಳಿಸಿ ತಿದ್ದದೆ ಒಂದು ಸಾಲನ್ನೂ ಕಳಿಸದ ನಾನು ದಿನಾ ಸಂಜೆ ಬಾಯಿಗೆ ಬಂದದ್ದನ್ನು ಆಡತೊಡಗಿದೆ. ಟಿಕೋಟಾ ಕಡೆಯ ದ್ರಾಕ್ಷಿಯ ಹುಳಿ, ಮೇಲಿನ ಮನೆಯವರ ಟಿವಿ ಗದ್ದಲ, ನನ್ನ ಮೊಣಕಾಲು. ಕಿವಿ ನೋಯತೊಡಗಿದಾಗ ನಾನೂ ಬಲಗಿವಿಯ ಓಲೆ ಬಿಚ್ಚಿ ಹಿಡಿದುಕೊಂಡೆ. “ಬ್ಯಾಸರಾತೇನು? ಇಡ್ಲೇನು?” ಎಂದರೆ ಟಕ್ ಟಕ್. ಆ ಎರಡು ಪೆಟ್ಟಿನಲ್ಲಿ ಸಿಟ್ಟು ಕೂಡ ಕೇಳುತ್ತಿತ್ತು. ಬರಬರುತ್ತ ಪೆಟ್ಟು ಮೆತ್ತಗಾಯಿತು. ಉಂಡಿದ್ದಾಳೋ ಇಲ್ಲವೋ, ಆ ಸದ್ದಿನಿಂದಲೇ ನನಗೂ ತಿಳಿಯುತ್ತಿತ್ತು.

ಈ ಬೇಸಿಗೆಯ ಒಂದು ಮುಂಜಾನೆ, ಎಂದೂ ಮಾಡದ ಹೊತ್ತಿನಲ್ಲಿ ಅವಳ ನಂಬರಿನಿಂದ ಫೋನ್ ಬಂತು. ರೂಢಿಯಂತೆ ಓಲೆ ಬಿಚ್ಚಿಕೊಂಡು, “ಅದೀಯೇನ ಬೇ?” ಎಂದೆ.

ಆ ಕಡೆ ಅವಳ ಸೊಸೆ.

“ಆಂಟಿ, ನಾನ್ರಿ. ನಸಿಕಿನ್ಯಾಗ ಅತ್ತಿ ಹೋದ್ರು. ಉಳದವ್ರಿಗೆಲ್ಲಾ ಮೆಸೇಜ್ ಹಾಕೀವ್ರಿ. ನಿಮಗ ಮಾತ್ರ ಹಾಕಬ್ಯಾಡ, ಫೋನ್ ಮಾಡಿ ಹೇಳು ಅಂತ ಆಪರೇಷನ್ನಿಗೆ ಹೋಗೂಕಿಂತ ಮೊದ್ಲ ನನಗ ಹೇಳಿಟ್ಟಿದ್ರು. ಆಕಿಗೆ ತಂತಿ ಬಂದಂಗ ಆಗಬಾರದು ಅಂತ.”

ಹುಡುಗಿ ಗಾಬರಿಯಾದಳು.

“ಆಂಟಿ? ಅದೀರೇನ್ರಿ?”

ಅಂಗೈಯಲ್ಲಿದ್ದ ಓಲೆಯಿಂದ ಫೋನಿಗೆ ಒಂದು ಸಲ ಬಡಿದೆ.