ಕೆಂಪು ಚುಕ್ಕೆ ಅಳಿಸಿದ ಸಂಜೆ

ಆ ಫಿಯೆಟ್ ಕಾರಿನ ಸದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ. ಸ್ಟಾರ್ಟ್ ಮಾಡಿದಾಗ ಗಂಟಲು ಸರಿಮಾಡಿಕೊಂಡ ಹಾಗೆ ಒಂದು ಗುರ್ರ್... ಆಮೇಲೆ ಒಂದೇ ಸಮನೆ ಗುಂಯ್‌ಗುಡುತ್ತಿತ್ತು. ಮೊನ್ನೆ ಮೊಮ್ಮಗಳು ಪಕ್ಕದಲ್ಲಿ ಕೂತು ನೇಲ್ ಪಾಲಿಶ್ ಹಚ್ಚಿಕೊಳ್ಳುತ್ತಿದ್ದಳು. ಆ ಘಾಟು ಮೂಗಿಗೆ ಬಡಿದದ್ದೇ ತಡ, ಕೋಲಾರದ ನಮ್ಮ ಎದುರುಮನೆ ಆಂಟಿ ಕಣ್ಣ ಮುಂದೆ ಬಂದರು.

ಆಂಟಿ ಉಗುರಿಗೆ ಬಣ್ಣ ಹಚ್ಚಿದವರಲ್ಲ. ಅಂಕಲ್ ಹೋದಮೇಲಂತೂ ಹಣೆಯೂ ಬರಿದು. ಆದರೆ ಅಂಕಲ್ ಬಿಟ್ಟುಹೋದ ಆ ಫಿಯೆಟ್‌ನಲ್ಲಿ ಕೆಂಪು ಪಾಲಿಶ್ ಬಾಟಲ್ ಯಾವಾಗಲೂ ಇರುತ್ತಿತ್ತು. ರಿಪೇರಿಗೆ ಬಿಡುವ ಮೊದಲು ಬಾನೆಟ್ ಎತ್ತಿ ಕಾರ್ಬುರೇಟರ್, ಡೈನಮೋ, ಬ್ಯಾಟರಿ ಎಲ್ಲದಕ್ಕೂ ಒಂದೊಂದು ಚುಕ್ಕೆ. ಒಳ್ಳೇ ಪಾರ್ಟ್ ಬಿಚ್ಚಿಕೊಂಡು ಸವೆದದ್ದು ಕೂರಿಸಿ ಕಳಿಸೋದು ಆಗ ಕೆಲವು ಶೆಡ್‌ಗಳಲ್ಲಿ ಮಾಮೂಲು. ಹೆಂಗಸಿನ ಕಾರು ಅಂದರೆ ಕೇಳಬೇಕೆ!

"ಆಯಮ್ಮ ಕಾರಿಗೂ ಬೊಟ್ಟು ಇಡ್ತಾರೆ ಕಣ್ರೋ" ಅಂತ ಮೆಕ್ಯಾನಿಕ್‌ಗಳು ನಗುತ್ತಿದ್ದರು.

"ನಗಲಿ ಬಿಡೇ. ಚುಕ್ಕೆ ನೋಡಿದ್ರೆ ಕೈ ಹಿಂದಕ್ಕೆ ಹೋಗತ್ತಲ್ಲ" ಅನ್ನುತ್ತಿದ್ದರು ಆಂಟಿ.

ಭಾನುವಾರ ಅವರು ಬೈರಕೂರಿಗೆ ಅತ್ತೆಯನ್ನು ನೋಡಲು ಹೋಗುತ್ತಿದ್ದರು. ಆಗ ಕಾಲೇಜಿನಲ್ಲಿದ್ದ ನಾನೂ ಜೊತೆಗೆ. ಆ ಅಜ್ಜಿಗೆ ಕಣ್ಣು ಕಾಣದು. ಮಾವಿನ ತೋಪಿನ ತಿರುವಿನಲ್ಲಿ ಕಾರಿನ ಸದ್ದು ಕೇಳಿದರೆ ಸಾಕು, ಗೋಡೆ ಹಿಡಿದು ಹೊಸ್ತಿಲಿಗೆ ಬಂದು "ವಚ್ಚಿನಾವಾ ನಾಯನಾ?" ಅನ್ನುತ್ತಿದ್ದರು. ಬಂದೆಯಾ ಮಗನೇ, ಅಂತ. ಮಗ ತೀರಿಹೋದದ್ದು ಅವರಿಗೆ ಗೊತ್ತಿತ್ತು. ಆದರೂ ಆ ಸದ್ದಿನ ಜೊತೆ ಒಂದು ಗಳಿಗೆ ಮಗ ಬರುತ್ತಿದ್ದ...

"ಇದಕ್ಕೋಸ್ಕರವೇ ಕಣೇ ಕಾರು ಇಟ್ಕೊಂಡಿರೋದು" ಎಂದಿದ್ದರು ಆಂಟಿ.

ಒಂದು ಸಲ ಎಂಜಿನ್ ಕೆಲಸ ಬಂತು. ಮುಳಬಾಗಿಲು ರಸ್ತೆಯಲ್ಲಿ ಅಂಕಲ್ ಅವರ ಚಿಕ್ಕಪ್ಪನ ಮಗ ಹೊಸದಾಗಿ ಶೆಡ್ ಹಾಕಿದ್ದ. ಅತ್ತಿಗೆಯನ್ನು "ವದಿನಾ, ವದಿನಾ" ಅಂತ ಬಾಯ್ತುಂಬ ಕರೆಯುವವನು. ಕಾರು ಅವನಿಗೆ ಬಿಡುವ ಹಿಂದಿನ ಸಂಜೆ ಆಂಟಿ ನನ್ನ ಪಾಲಿಶ್ ರಿಮೂವರ್ ಇಸ್ಕೊಂಡು, ಹತ್ತಿಯಲ್ಲಿ ಅದ್ದಿ, ಚುಕ್ಕೆಗಳನ್ನೆಲ್ಲ ಒರೆಸಿದರು.

"ಯಾಕೆ ಆಂಟಿ?"

"ಮನೆಯೋನು ಕಣೇ. ಇದನ್ನ ನೋಡಿದ್ರೆ ಏನಂದ್ಕೊಳ್ತಾನೆ? ಇನ್ಸಲ್ಟ್ ಅಲ್ವಾ?"

ಕಾರು ಕೆಮ್ಮುತ್ತಾ ವಾಪಸ್ ಬಂತು. ಪಿಸ್ಟನ್ ಹೊಸದು, ಸೆಟ್ ಆಗೋವರೆಗೂ ಹಂಗೇ, ಎಂದಿದ್ದ. ಆಂಟಿ ನಂಬಿದರು. ಆ ಭಾನುವಾರ ತೋಪಿನ ತಿರುವು ದಾಟಿದೆವು, ಮನೆ ಮುಂದೆ ನಿಂತೆವು. ಹೊಸ್ತಿಲಲ್ಲಿ ಯಾರೂ ಇಲ್ಲ. ಒಳಗಿನಿಂದ, ಪರವೂರಿನವರನ್ನು ಕೇಳುವ ಹಾಗೆ, "ಎವರಮ್ಮಾ ಅದಿ?" ಎಂಬ ದನಿ. ಯಾರಮ್ಮಾ ಅದು...

ಆಂಟಿ ಸ್ಟೇರಿಂಗ್ ಹಿಡಿದೇ ಕೂತಿದ್ದರು. ಆಮೇಲೆ ಇಳಿದು ಬಾನೆಟ್ ಎತ್ತಿದರು. ಅಂಕಲ್ ಮದ್ರಾಸಿನಿಂದ ತಂದಿದ್ದ ಕಾರ್ಬುರೇಟರ್ ಇದ್ದ ಜಾಗದಲ್ಲಿ ಯಾರದೋ ತುಕ್ಕು ಹಿಡಿದದ್ದು ಕೂತಿತ್ತು.

ಸೀದಾ ಶೆಡ್ಡಿಗೆ ಹೋದೆವು. ಅವನು ಹಳೇ ಬಟ್ಟೆಚೂರಿನಲ್ಲಿ ಕೈ ಒರೆಸಿಕೊಳ್ಳುತ್ತಾ ನಕ್ಕ.

"ನಿಮ್ಮ ಚುಕ್ಕೆ ಎಲ್ಲಿ, ತೋರ್ಸಿ ವದಿನಾ. ನೀವು ಚುಕ್ಕೆ ಇಡೋದು ಕೋಲಾರಕ್ಕೆಲ್ಲ ಗೊತ್ತು. ಅದಿಲ್ದೆ ಬದಲಾಯ್ತು ಅಂದ್ರೆ ಹೆಂಗೆ?"

ಆಂಟಿ ಹೋಗಿ ಕಾರು ಸ್ಟಾರ್ಟ್ ಮಾಡಿದರು. ದಾರಿಯಲ್ಲಿ, "ಫ್ಯಾಮಿಲಿ ಅಂದ್ಕೊಂಡೆ ಕಣೇ..." ಎಂದರು.

ಬೇರೆ ಕಾರ್ಬುರೇಟರ್ ಹಾಕಿಸಿದರು. ಕೆಮ್ಮು ನಿಂತಿತು, ಆ ಸದ್ದು ಬರಲಿಲ್ಲ. ಅಜ್ಜಿಯೂ ಮತ್ತೆ ಹೊಸ್ತಿಲಿಗೆ ಎದ್ದು ಬರಲಿಲ್ಲ. ಅವರು ತೀರಿಕೊಂಡ ಮೇಲೆ ಆಂಟಿ ಕಾರನ್ನೇ ಮಾರಿಬಿಟ್ಟರು.

ಈಗ ಆಂಟಿಯೂ ಇಲ್ಲ. ನನ್ನ ಮದುವೆಯಾದ ಮೇಲೆ ಅವರನ್ನು ನೋಡಿದ್ದು ಒಂದೇ ಸಲ, ಕೋಲಾರದ ಬಸ್ ಸ್ಟ್ಯಾಂಡಿನಲ್ಲಿ. ಮುಳಬಾಗಿಲಿನ ಬಸ್ಸಿನ ಕಿಟಕಿಯಲ್ಲಿ ಕೂತಿದ್ದರು. ನಾನು ಕೆಳಗೆ ನಿಂತು ಕೈ ಹಿಡಿದುಕೊಂಡಿದ್ದೆ. ಅಷ್ಟರಲ್ಲಿ ಆಚೆ ಯಾವುದೋ ಫಿಯೆಟ್ ಸ್ಟಾರ್ಟ್ ಆಯಿತು. ನನ್ನ ಕೈ ಬಿಟ್ಟು, ಅರ್ಧ ಎದ್ದು, ಆ ಕಡೆಗೆ ಕಿವಿಗೊಟ್ಟರು.

"ಅಲ್ಲ..." ಎಂದು ಮೆಲ್ಲಗೆ ಕೂತರು. ಬಸ್ಸು ಹೊರಟಿತು.